ಈರೇಶನ ಆರನೇ ತೋಟಾ

"ನಾ ಮದ್ದು ಹೆಚ್ಚಿಗಿ ಹಾಕಿಲ್ಲ ಅಕ್ಕಾರ, ನಮ್ಮವ್ವನಾಣೆ!"

ಈರೇಶ ಶೂ ಕೂಡ ಬಿಚ್ಚದೆ ಪರದೇಶದ ಈ ವಾನ್ ಪಟ್ಟಣದ ನಮ್ಮ ಮನೆಯ ಅಡುಗೆಮನೆಗೇ ನುಗ್ಗಿದಾಗ ನನಗೆ ಸಿಟ್ಟು ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಈರೇಶ ಗದಗಿನ ಇಂಜಿನಿಯರು. ಅವನಿಗೆ ರೈಫಲ್ಲಿನ ಹುಚ್ಚು. ಹಾರಿಸಿದ ಖಾಲಿ ತೋಟಾಗಳನ್ನು ಆರಿಸಿ ತಂದು, ಹೊಸ ಮದ್ದು ತುಂಬಿ ಮತ್ತೆ ಬಳಸುತ್ತಿದ್ದ. ಗೆಳೆಯ ಹರ್ಷವರ್ಧನನ ರೈಫಲ್ಲಿಗೂ ಹೀಗೆಯೇ ಇಪ್ಪತ್ತು ತುಂಬಿದ್ದ. ಜಾರ್ಜ್‌ಟೌನ್ ಬಳಿಯ ಶೂಟಿಂಗ್ ರೇಂಜಿನಲ್ಲಿ ಹಿಂದಿನ ಶನಿವಾರ ಹರ್ಷ ಅವುಗಳಲ್ಲಿ ಆರನೆಯದನ್ನು ಹಾರಿಸಿದಾಗ ಬಿಸಿ ಗ್ಯಾಸು ಹಿಂದಕ್ಕೆ ಚಿಮ್ಮಿ ಹುಬ್ಬು ಸೀಳಿತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು.

"ತಪ್ಪು ನಂದ ಅಂತ ಹರ್ಷ ಕ್ಲಬ್ಬಿಗೆ ಬರದು ಕೊಟ್ಟಾನ್ರೀ. ಇವತ್ತ ಐದಕ್ಕ ಕಮಿಟಿ ಮೀಟಿಂಗು. ಹೊರಗ ಹಾಕಿ ಪೊಲೀಸರಿಗೆ ರಿಪೋರ್ಟ್ ಮಾಡ್ತಾರ. ಲೈಸೆನ್ಸೂ ಹೋಗ್ತದ, ಮರ್ಯಾದಿನೂ ಹೋಗ್ತದ."

ಆಗಲೇ ಎರಡು ಗಂಟೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಮ್ಮ ಯಜಮಾನರು ರಾಮಮೂರ್ತಿ ಮಾತ್ರ ಭೂತಗನ್ನಡಿ ಹುಡುಕುತ್ತಿದ್ದರು. ಬೆಂಗಳೂರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗ ತಪಾಸಣೆ ಮಾಡಿದವರು. ಇಲ್ಲಿನ ಕನ್ನಡಿಗರ ಕಗ್ಗಂಟೆಲ್ಲ ಬಿಡಿಸುವವರೂ ಇವರೇ. ಅವಸರವೆಂಬುದು ಮಾತ್ರ ಇವರ ಜಾತಕದಲ್ಲೇ ಇಲ್ಲ.

ಈರೇಶ ಆರು ಖಾಲಿ ತೋಟಾಗಳನ್ನು ಮೇಜಿನ ಮೇಲಿಟ್ಟ. ಒಂದೊಂದರ ತಳದ ಮಧ್ಯದಲ್ಲೂ ಪುಟ್ಟ ಬಟ್ಟಲಿನಂಥದು. ಅದೇ ಪ್ರೈಮರ್; ಪಿನ್ನು ಬಡಿದು ಕಿಡಿ ಹುಟ್ಟುವುದು ಅಲ್ಲೇ. ಐದರ ಅಂಚು ಗುಂಡಗಿತ್ತು. ಆರನೆಯದು ಲಟ್ಟಿಸಿದ ಹಾಗೆ ಚಪ್ಪಟೆಯಾಗಿತ್ತು, ಸುತ್ತ ಮಸಿ.

"ಈ ಐದು ಯಾವಾಗ ಹಾರಿಸಿದ್ದು?" ಎಂದು ಇವರು ಕೇಳಿದರು.

"ದಸರಾಕ್ಕಿಂತ ಮೊದಲ ರೀ. ಅದs ರೈಫಲ್ಲು, ಅದs ಬಾಕ್ಸು. ಉಳಿದ ಹದಿನಾಲ್ಕೂ ಬಿಚ್ಚಿ ತೂಗೀನಿ, ಎಲ್ಲಾದ್ರಾಗೂ ಮದ್ದು ಒಂದs ತೂಕ."

"ಆರನೇದನ್ನ ಈಗ ತೂಗೋಕಾಗಲ್ವಲ್ಲಪ್ಪ. ಅದೊಂದ್ರಲ್ಲೇ ಎಡವಟ್ಟಾಗಿರಬಹುದು."

ಈರೇಶನ ಮುಖ ಇಳಿದುಹೋಯಿತು. "ಅಳೋ ಹುಡುಗನ್ನ ಇನ್ನೂ ಯಾಕ್ರೀ ಅಳಿಸ್ತೀರ?" ಎಂದು ರೇಗಿದೆ. ಇವರು ಕಿವಿಗೇ ಹಾಕಿಕೊಳ್ಳದೆ ಆರನೇ ತೋಟಾವನ್ನು ಬಿಳಿ ಟಿಶ್ಯೂ ಮೇಲೆ ಉರುಳಿಸಿದರು. ಕಾಗದಕ್ಕೆ ಜಿಡ್ಡು ಹತ್ತಿತು, ಜಿಡ್ಡಿನಲ್ಲಿ ಸಣ್ಣ ಕೆಂಪು ಕಲೆ.

"ರತ್ನಾ, ಮೂಸಿ ನೋಡು."

ಮೂಸಿದೆ. ಸುಟ್ಟ ವಾಸನೆಯ ಅಡಿಯಲ್ಲಿ ನನಗೆ ದೇವರ ಮನೆ ನೆನಪಾಯಿತು. ಹಾಗೆಂದು ಹೇಳಿದ್ದೇ ತಡ, ಇವರು ಕಾರಿನ ಕೀ ತೆಗೆದುಕೊಂಡರು.

ಹೈವೇ ಟ್ರಾಫಿಕ್ಕಿಗೆ ಶಾಪ ಹಾಕುತ್ತ ನ್ಯೂಮಾರ್ಕೆಟ್ಟಿನ ಹರ್ಷನ ಮನೆ ಮುಟ್ಟುವಷ್ಟರಲ್ಲಿ ನಾಲ್ಕು ದಾಟಿತ್ತು. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡಿದ್ದ ಹರ್ಷ ಈರೇಶನ ಕಡೆ ನೋಡಲಿಲ್ಲ. ಹೆಂಡತಿ ಸಂಜನಾ ಮಾತ್ರ ದುರುಗುಟ್ಟಿದಳು. ಮೈಸೂರಿನಿಂದ ಬಂದಿದ್ದ ಹರ್ಷನ ತಾಯಿ ಲೀಲಮ್ಮ ಎಲ್ಲರಿಗೂ ಚಕ್ಕುಲಿ ತಂದಿಟ್ಟರು. ಈರೇಶ ಮುಟ್ಟಲಿಲ್ಲ.

"ಅಂಕಲ್, ಪ್ರೈಮರ್ ಚಪ್ಪಟೆ ಆಗಿದೆ ಅಂದ್ರೆ ಪ್ರೆಶರ್ ಜಾಸ್ತಿ. ಪೌಡರ್ ಜಾಸ್ತಿ ಹಾಕಿದಾನೆ, ಇಟ್ಸ್ ಸಿಂಪಲ್," ಎಂದ ಹರ್ಷ.

"ಜ್ವರ ಒಂದೇ ಆದ್ರೂ ಕಾಯಿಲೆ ನೂರು ಇರುತ್ತಪ್ಪ," ಎಂದರು ಇವರು. "ತೋಟಾ ಹಾರಿದಾಗ ಅದರ ಹಿತ್ತಾಳೆ ಕವಚ ಉಬ್ಬಿ ಬ್ಯಾರಲ್ಲಿನ ಗೋಡೆನ ಗಟ್ಟಿಯಾಗಿ ಹಿಡ್ಕೋಬೇಕು. ಅಲ್ಲಿ ಎಣ್ಣೆ ನಿಂತಿದ್ರೆ ಹಿಡಿತ ತಪ್ಪಿ ಏಟೆಲ್ಲ ಹಿಂದಕ್ಕೆ ಬೀಳುತ್ತೆ. ಆಗಲೂ ಪ್ರೈಮರ್ ಚಪ್ಪಟೆಯಾಗುತ್ತೆ. ದಸರಾಕ್ಕೆ ಮೊದಲು ಐದು ಚೆನ್ನಾಗಿ ಹಾರಿವೆ, ಆಮೇಲಿನ ಮೊದಲನೇದೇ ಕೆಟ್ಟಿದೆ. ಮಧ್ಯೆ ಬಂದಿದ್ದು ಆಯುಧ ಪೂಜೆ." ಟಿಶ್ಯೂ ಬಿಡಿಸಿ ಇಟ್ಟರು. "ಇದು ಗನ್ ಆಯಿಲ್ ಅಲ್ಲ. ಎಳ್ಳೆಣ್ಣೆ, ಕುಂಕುಮ. ರೈಫಲ್ ಬೀರುವಿನ ಕೀ ಯಾರ ಹತ್ರ ಇದೆ ಸಂಜನಾ?"

"ಹರ್ಷನ ಹತ್ರ ಮಾತ್ರ," ಎಂದಳು ಅವಳು. ಅವಳ ದನಿ ಕುಗ್ಗಿತ್ತು.

"ಹಾಗಾದ್ರೆ ಪೂಜೆಗೆ ತೆಗೆದುಕೊಟ್ಟವನು ನೀನೇ ಹರ್ಷ. ಎಣ್ಣೆ ನೋಡಿಯೂ ಒರೆಸದೆ ಹಾರಿಸಿದವನೂ ನೀನೇ. ಪಟ್ಟಿ ಕಟ್ಟೋವಾಗಲೇ ನಿನಗೆ ಗೊತ್ತಾಗಿತ್ತು, ಅಲ್ವಾ?"

ಹರ್ಷ ತಲೆ ತಗ್ಗಿಸಿದ. "ಹೊರಗೆ ಒರೆಸಿದ್ದೆ ಅಂಕಲ್. ಒಳಗೂ ಅಮ್ಮ ಎಣ್ಣೆ ಹಾಕಿದಾಳೆ ಅಂತ ಆಮೇಲೆ ಗೊತ್ತಾಯ್ತು. ಹೇಳಿದ್ರೆ ಕೊರಗಿ ಸಾಯ್ತಾಳೆ ಅಂತ..."

ಲೀಲಮ್ಮನ ಕೈಯಿಂದ ತಟ್ಟೆ ಜಾರಿತು. "ಹೌದು, ನಾನೇ ಹಾಕಿದ್ದು. ಅಭ್ಯಂಜನ ಅಂತ ಎರಡು ಚಮಚ ಒಳಗೂ ಬಿಟ್ಟೆ. ನನ್ನ ಕೂಸಿನ ಕಣ್ಣೇ ಹೋಗ್ತಿತ್ತಲ್ಲೋ ದೇವರೇ!" ಎಂದು ಅತ್ತರು. ಮರುಕ್ಷಣವೇ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಮೇಲೆ ತಿರುಗಿಬಿದ್ದರು. "ನನ್ನ ಉಳಿಸ್ತೀನಿ ಅಂತ ಇವನ ಕುತ್ತಿಗೆ ಕೊಯ್ದೆಯಾ? ನನ್ನ ಹತ್ರ ಏನೋ ಲೈಸೆನ್ಸ್ ಇದೆ ಕಿತ್ಕೊಳ್ಳೋಕೆ? ಮಾಡು ಫೋನು. ನನ್ನೆದುರಿಗೇ ಮಾಡು."

ಐದಕ್ಕೆ ಹತ್ತು ನಿಮಿಷವಿತ್ತು. ಹರ್ಷ ಕ್ಲಬ್ಬಿಗೆ ಫೋನು ಮಾಡಿ, ತಪ್ಪು ತನ್ನದೆಂದೂ ಬರೆದುಕೊಟ್ಟದ್ದು ಸುಳ್ಳೆಂದೂ ಒಪ್ಪಿಕೊಂಡ. ಆಮೇಲೆ ಈರೇಶನತ್ತ ಕೈ ಚಾಚಿದ.

"ಬ್ಯಾಡ," ಎಂದ ಈರೇಶ. "ಎಂಟು ವರ್ಷದ ದೋಸ್ತಿ ಹರ್ಷ. ಒಂದ್ ಮಾತ್ ನನ್ನ ಕೇಳಿದ್ರ, ಅಮ್ಮಾರ ಸಲುವಾಗಿ ನಾನs ತಪ್ಪ ಒಪ್ಕೋತಿದ್ದೆ."

ಈರೇಶ ಬಗ್ಗಿ, ನೆಲಕ್ಕೆ ಬಿದ್ದಿದ್ದ ಚಕ್ಕುಲಿಗಳಲ್ಲಿ ಒಂದನ್ನು ಎತ್ತಿಕೊಂಡು ಲೀಲಮ್ಮನ ಪಕ್ಕದಲ್ಲಿ ಕೂತು ತಿಂದ.