ಹದಿನಾಲ್ಕನೇ ನಂಬರಿನ ಬಾಟಲಿ

ಜೂನ್ ಹನ್ನೆರಡು, ಗುರುವಾರ, ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಅಚ್ಯುತನ್ ಮೂಸದ್ ವೈದ್ಯರು ಪುಳಕ್ಕರ ಠಾಣೆಗೆ ಬಂದರು. ಊಟ ಮುಗಿಸಿ ಕಣ್ಣು ಮುಚ್ಚಿದ್ದಾಗ ಯಾರೋ ವೈದ್ಯಶಾಲೆಗೆ ನುಗ್ಗಿ ಕಪಾಟಿನ ಬೀಗ ಮುರಿದಿದ್ದರು. ಹೋದದ್ದು ಎರಡೇ: ರೋಗಿಗಳ ಪುಸ್ತಕ, ಒಂದು ಬಾಟಲಿ ಕಷಾಯ. ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಕುಟ್ಟಪ್ಪನಿಗೆ ನಗು ಬಂತು. ಇನ್‌ಸ್ಪೆಕ್ಟರ್ ದಿವಾಕರನ್ ನಗಲಿಲ್ಲ.

“ಕಷಾಯ ಯಾರದು?”

“ಬಾಟಲಿ ಮೇಲೆ ನಂಬರ್ ಅಷ್ಟೇ. ಹದಿನಾಲ್ಕು. ಹೆಸರು ಪುಸ್ತಕದಲ್ಲಿದೆ.”

“ನಿಮಗೆ ಗೊತ್ತಲ್ಲ?”

“ಗೊತ್ತು, ಹೇಳಲ್ಲ. ಗುಹ್ಯರೋಗ ಸಾರ್. ಹಿಂಬಾಗಿಲಿಂದ ಬರೋರು.”

“ಕಷಾಯದಲ್ಲಿ ಅದು ವಾಸಿಯಾಗುತ್ತಾ?”

ವೈದ್ಯರಿಗೆ ರೇಗಿತು. “ವಾಸಿ ಮಾಡೋದು ಆಸ್ಪತ್ರೆ ಪೆನಿಸಿಲಿನ್. ಅಲ್ಲಿನ ಚೀಟಿ ನೋಡದೆ ನಾನು ತೊಟ್ಟೂ ಕೊಡಲ್ಲ. ನನ್ನದು ಊಟ ಸೇರೋಕೆ, ನಿತ್ರಾಣ ಹೋಗೋಕೆ. ಹೆಂಡತಿಗೂ ಸೂಜಿ ಹಾಕಿಸು ಅಂತ ನಾಲ್ಕು ವಾರದಿಂದ ಬಡ್ಕೊಂಡೆ. ಕೇಳಲಿಲ್ಲ. ಇವತ್ತು ಬೆಳಿಗ್ಗೆ, ಇನ್ನು ಬಾಟಲಿ ಇಲ್ಲ, ನಾಳೆ ಊರಿನ ನರ್ಸಿಗೆ ಪುಸ್ತಕ ತೋರಿಸ್ತೀನಿ ಅಂದೆ.”

“ನರ್ಸಿಗೆ ತೋರಿಸೋದಾದರೆ ನಮಗೂ ಹೇಳಿ.”

“ಅದು ಆ ಹೆಂಗಸಿನ ಜೀವಕ್ಕೆ. ಠಾಣೆ ಮಾತು ಬೇರೆ.”

“ಹೋಗಲಿ, ಪಥ್ಯ ಏನು?”

“ನಲವತ್ತೊಂದು ದಿನ ಮೀನಿಲ್ಲ, ಹುಣಸೆಯಿಲ್ಲ. ಒಂದು ಹೊತ್ತು ಕಷಾಯ ತಪ್ಪಿದರೂ ಮತ್ತೆ ಮೊದಲಿಂದ.”

ಕುಟ್ಟಪ್ಪನ ಪೆನ್ನು ನಿಂತಿತು. ಭಾನುವಾರ ಗ್ರಂಥಾಲಯದ ಊಟದಲ್ಲಿ ಪ್ರಭಾಕರ ಪಣಿಕ್ಕರ್ ಮಾಷ್ ಮೀನಿನ ಸಾರನ್ನು ಪಕ್ಕಕ್ಕೆ ಸರಿಸಿದ್ದರು. ಮೀನಿನ ತಲೆಗಾಗಿ ಜಗಳಕ್ಕೇ ನಿಲ್ಲುತ್ತಿದ್ದ ಮನುಷ್ಯ! ಅದನ್ನು ಹೇಳಿಬಿಟ್ಟ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. ಶಾಲೆಯಲ್ಲಿ ಅವನಿಗೆ ಅಕ್ಷರ ತಿದ್ದಿಸಿದ ಮೇಷ್ಟ್ರು ಅದೇ ಮಾಷ್. ವೈದ್ಯರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಸಂಜೆ ಆರಕ್ಕೆ ನೆರೆಯ ಇಬ್ಬರು ಪಂಚರೊಂದಿಗೆ ಮಾಷ್ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಕೂತು ಲೋಟದಿಂದ ಕಪ್ಪು ಕಷಾಯ ಕುಡಿಯುತ್ತಿದ್ದರು. ಕಾಲ ಬುಡದಲ್ಲಿ ಹದಿನಾಲ್ಕನೇ ನಂಬರಿನ ಬಾಟಲಿ ಇತ್ತು. ಬೇರೆ ಕಳ್ಳನಾಗಿದ್ದರೆ ಹೊಳೆಗೆ ಎಸೆಯುತ್ತಿದ್ದ. ಮೂವತ್ಮೂರನೇ ದಿನ ಪಥ್ಯ ಮುರಿಯಲು ಮಾಷ್‌ಗೆ ಮನಸ್ಸು ಬಂದಿರಲಿಲ್ಲ.

“ನೀನೇನೋ ಕುಟ್ಟಪ್ಪಾ?” ಎಂದರು.

ಕುಟ್ಟಪ್ಪ ನೆಲ ನೋಡಿದ.

ಪುಸ್ತಕ ಹಳೆಯ ಉತ್ತರಪತ್ರಿಕೆಗಳ ಕಟ್ಟಿನಲ್ಲಿ ಸಿಕ್ಕಿತು. ದಿವಾಕರನ್ ಅದನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿಸಿದರು. ಪಂಚನಾಮೆಯಲ್ಲಿ “ಪುಸ್ತಕ ಒಂದು, ತೆರೆದು ನೋಡಿಲ್ಲ” ಎಂದು ಬರೆಸಿ, ಸಹಿಯಾದ ಕೂಡಲೇ ಪಂಚರನ್ನು ಕಳಿಸಿಬಿಟ್ಟರು. ಆರೂ ನಲವತ್ತಕ್ಕೆ ಬಂಧನ.

“ದೂರದ ಆಸ್ಪತ್ರೇಲಿ ಸುಳ್ಳು ಹೆಸರು ಕೊಟ್ಟಿದ್ದೆ,” ಮಾಷ್ ಪಿಸುಗುಟ್ಟಿದರು. “ನಿಜವಾದದ್ದು ಇದ್ದದ್ದು ಆ ಪುಸ್ತಕದಲ್ಲಿ ಮಾತ್ರ. ಸುಭದ್ರೆಗೆ ವಾತದ ಕಷಾಯ ಅಂದಿದ್ದೀನಿ. ಅವಳಿಗೆ ಮುಖ ತೋರಿಸೋದು ಹೇಗೆ ಸಾರ್?”

“ಅವರಿಗೂ ಸೂಜಿ ಬೇಕು. ನೀವು ಹೇಳ್ತೀರೋ, ನಾನು ಹೇಳಲೋ?”

ಗಂಡನ ಅಂಗಿ ತಂದ ಸುಭದ್ರೆ ಬಾಗಿಲಲ್ಲೇ ನಿಂತಿದ್ದರು.

“ಯಾರೂ ಹೇಳಬೇಕಾಗಿಲ್ಲ, ನನಗೆ ಗೊತ್ತು. ಮೂರು ತಿಂಗಳ ಹಿಂದೆ ನನಗೂ ಇದೇ ರೋಗದ ಗಾಯ ಆಗಿತ್ತು. ಮಾಷ್ ಮರ್ಯಾದೆ ಹೋಗುತ್ತೇಂತ ಯಾರಿಗೂ ತೋರಿಸಲಿಲ್ಲ. ಇವರಿಗೂ.”

ಅಂಗಿಯನ್ನು ಗಂಡನ ಕೈಗೆ ಕೊಟ್ಟು ಕುಟ್ಟಪ್ಪನ ಕಡೆ ತಿರುಗಿದರು.

“ಆಸ್ಪತ್ರೆ ಬಾಗಿಲು ಎಷ್ಟು ಗಂಟೆಗೆ ತೆಗೀತಾರಪ್ಪ?”

“ಎಂಟಕ್ಕೆ, ಅಮ್ಮ.”

“ನನ್ನ ಹೆಸರನ್ನೇ ಬರೆಸ್ತೀನಿ,” ಎಂದರು ಸುಭದ್ರೆ.