ಮೂರನೆಯ ಸೋರಿಕೆ

"ಅಯ್ಯಯ್ಯೋ... ರಕ್ತ! ರಕ್ತ!"

ದೋಣಿಯ ಒಳಗಿನಿಂದ ಗಂಡಸಿನ ಕೂಗು ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ಮಗ್ ಜಾರಿ ಡೆಕ್ಕಿನ ಮೇಲೆ ಉರುಳಿತು.

ಒಳಗೆ ಯಾರೋ ಇದ್ದಾರೆ! ಖಾಲಿ ದೋಣಿ ಅಂತ ಚಿಕ್ಕಪ್ಪ ಹೇಳಿದ್ದರಲ್ಲ...

ಅಷ್ಟರಲ್ಲಿ ಕ್ಯಾಬಿನ್ನಿನ ಬಾಗಿಲು ತಳ್ಳಿಕೊಂಡು ಒಬ್ಬ ಮೇಲೆ ಬಂದ. ಹಣೆಯ ಮೇಲೆ ಕೆಂಪು, ಮೂಗಿನ ಮೇಲೆ ಕೆಂಪು, ಕನ್ನಡಕದ ಎರಡೂ ಗಾಜಿನ ಮೇಲೆ ಕೆಂಪು!

"ಎಲ್ಲಿ ಪೆಟ್ಟಾಗಿದೆ ನೋಡಿ ಸ್ವಲ್ಪ!" ಎಂದ, ಅವಳು ಯಾರು ಅಂತಲೂ ಕೇಳದೆ.

"ಎಲ್ಲೂ ಆಗಿಲ್ಲ. ಅದು ಬಣ್ಣದ ನೀರು... ನಾನೇ ಸುರಿದೆ."

"ಮಲಗಿರೋರ ಮುಖಕ್ಕಾ?!"

"ನಿಮ್ಮ ಮುಖಕ್ಕಲ್ಲ ರೀ, ಆ ಬೋಲ್ಟಿಗೆ! ಅದು ನಿಮ್ಮ ಮುಖಕ್ಕೆ ಬಂತು ಅಂದ್ರೆ ಸೋರ್ತಿರೋದು ಆ ಬೋಲ್ಟೇ ಅಂತ ಆಯ್ತು. ನೀವು ಹಾಗೆ ಮಲಗಿದ್ದು ಒಳ್ಳೇದೇ ಆಯ್ತು ಬಿಡಿ!"

ಅವನು ಕನ್ನಡಕ ತೆಗೆದು, ಬರಿಗಣ್ಣಿನಲ್ಲಿ ಅವಳನ್ನು ನೋಡಿದ. ಅವಳೂ ನೋಡಿದಳು. ಬಣ್ಣ ಮೆತ್ತಿದ ಆ ಮುಖದಲ್ಲಿ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು. ಬಯ್ಯಬೇಕಾದವನು ಹೀಗೆ ನೋಡಿದರೆ ಏನು ಮಾಡುವುದು? ಅವಳು ಬಗ್ಗಿ ಮಗ್ ಎತ್ತಿಕೊಂಡಳು.

ದೋಣಿ ರಿಪೇರಿ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ತೇಪೆ ಅಂತ. ಏಳು ವರ್ಷದವಳಿದ್ದಾಗ ಚಿಕ್ಕಪ್ಪನ ಛತ್ರಿಗೆ, ಚಿಕ್ಕಮ್ಮನ ಬಕೆಟ್ಟಿಗೆ, ಕೊನೆಗೆ ಹರಿಯದೇ ಇದ್ದ ತನ್ನ ಫ್ರಾಕಿಗೂ ತೇಪೆ ಹಾಕಿದವಳು. ಈಗ ಅದೇ ಚಿಕ್ಕಪ್ಪನ ಶೆಡ್ಡಿನಲ್ಲಿ ಫೈಬರ್ ದೋಣಿಗಳ ಸೋರಿಕೆ ಹಿಡಿಯುವ ಕೆಲಸ. ಬೋಲ್ಟುಗಳ ಸುತ್ತ ಕೆಂಪು ನೀರು, ಕಿಟಕಿಗಳಿಗೆ ನೀಲಿ, ಹಾಯಿಕಂಬದ ಬುಡಕ್ಕೆ ಹಸಿರು. ಒಳಗೆ ಯಾವ ಬಣ್ಣ ಇಳಿಯಿತೋ ಕಳ್ಳ ಅಲ್ಲೇ!

ಅವನದು ಕನ್ನಡಕದಂಗಡಿ. ಮೂವತ್ತು ವರ್ಷ ಹಳೆಯ ಈ ಪುಟ್ಟ ಹಾಯಿದೋಣಿಯನ್ನು ಕಂಡು ಮನಸೋತು ಕೊಂಡಿದ್ದ. ಮಧ್ಯಾಹ್ನ ಅಂಗಡಿ ಮುಚ್ಚಿ ಒಂದು ಗಳಿಗೆ ಮಲಗಲು ಬಂದವನಿಗೆ ಈ ಅಭಿಷೇಕ.

ಮರುದಿನ ಅವಳು ಸೋರುವ ಬೋಲ್ಟು ಕಿತ್ತು, ಅದೇ ತೂತಿಗೆ ದಪ್ಪನೆಯ ಡ್ರಿಲ್ ಇಟ್ಟಾಗ ಅವನಿಗೆ ಜೀವ ಬಾಯಿಗೆ ಬಂತು.

"ರೀ, ರೀ! ಸೋರೋ ದೋಣಿಗೆ ಇನ್ನೂ ದೊಡ್ಡ ತೂತಾ?!"

"ಸುಮ್ನಿರಿ ಕನ್ನಡಕದವರೇ. ಮೇಲೊಂದು ಫೈಬರ್ ಪದರ, ಕೆಳಗೊಂದು ಪದರ, ನಡುವೆ ಹಗುರ ಮರ. ಆ ಮರ ನೀರು ಕುಡಿದು ಕೊಳೆತಿದೆ. ಅದನ್ನ ಕೆರೆದು ತೆಗೆದು, ರೆಸಿನ್ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದರಲ್ಲಿ ಹೊಸ ತೂತು. ಇನ್ನು ಮರಕ್ಕೆ ನೀರು ತಾಕೋದೇ ಇಲ್ಲ."

"ಓ... ಹಲ್ಲಿನ ಡಾಕ್ಟರ್ ಮಾಡಿದ ಹಾಗೆ."

"ಹಾಂ. ಆದ್ರೆ ದೋಣಿ ನಿಮ್ಮ ಹಾಗೆ ಕಿರುಚಲ್ಲ."

ಅವನು ನಕ್ಕ. ಆ ನಗು ಅವಳಿಗೆ ಇಷ್ಟವಾಯಿತು. ಇಷ್ಟವಾಯಿತಲ್ಲ ಅಂತ ಗಾಬರಿಯೂ ಆಯಿತು!

ಹತ್ತು ದಿನ ಕೆಲಸ ನಡೆಯಿತು. ಮಧ್ಯಾಹ್ನ ಅಂಗಡಿ ಮುಚ್ಚಿ ಅವನು ಬರುವುದು, ಡೆಕ್ಕಿನ ಮೇಲೆ ಕೂತು ಬೋಲ್ಟಿನ ತಲೆ ಅಲುಗದಂತೆ ಹಿಡಿಯುವುದು, ಅವಳು ಕೆಳಗಿನಿಂದ ನಟ್ ಬಿಗಿಯುವುದು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅದಕ್ಕೋ ಏನೋ, ಮಾತು ಸಲೀಸಾಗಿ ಬರುತ್ತಿತ್ತು. ಒಂದು ದಿನ ಅವನು ಬರುವುದು ಅರ್ಧ ಗಂಟೆ ತಡವಾದಾಗ ಅವಳು ಒಂದೇ ನಟ್ಟನ್ನು ಮೂರು ಸಲ ಒರೆಸಿಟ್ಟಿದ್ದಳು.

ಕೆಲಸ ಮುಗಿಯಿತು. ದೋಣಿ ನೀರಿಗಿಳಿಯಿತು. ಒಳಗೆ ಒಂದು ಹನಿಯೂ ಇಲ್ಲ!

"ಸರಿ, ಇನ್ನು ಬರೋ ಹಾಗಿಲ್ಲ ನಾನು," ಎಂದಳು ತೇಪೆ, ಉಪಕರಣಗಳ ಡಬ್ಬಿ ಮುಚ್ಚುತ್ತಾ. ಅವನು ಏನಾದರೂ ಹೇಳಲಿ ಅಂತ ಮುಚ್ಚಳವನ್ನು ಎರಡು ಸಲ ಮುಚ್ಚಿದಳು.

ಅವನು ಬಾಯಿ ತೆರೆದ... ಕನ್ನಡಕ ಒರೆಸಿಕೊಂಡ. "ತುಂಬಾ ಥ್ಯಾಂಕ್ಸ್," ಎಂದ.

ಅಷ್ಟೇ?! ಆಯ್ತಪ್ಪ, ಅಷ್ಟೇ.

ನಾಲ್ಕನೇ ದಿನ ಅವನ ಫೋನು. "ಮತ್ತೆ ಸೋರ್ತಿದೆ..."

ತೇಪೆಗೆ ನಂಬಲಾಗಲಿಲ್ಲ. ಓಡಿ ಬಂದಳು. ನಿಜವೇ! ಮಲಗುವ ಹಲಗೆಯ ಕೆಳಗೆ ನೀರು. ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿದಳು. ಉಪ್ಪಾದರೆ ದೋಣಿಯ ತಳದಿಂದ, ಸಪ್ಪೆಯಾದರೆ ಮೇಲಿನಿಂದ ಇಳಿದ ಮಳೆನೀರು. ಇದು ಸಪ್ಪೆ. ಕಿಟಕಿಯೇ ಇರಬೇಕೆಂದು ಕಿಟಕಿ ಬಿಚ್ಚಿ, ಸಂದಿಗೆ ನೀರು ತಡೆಯುವ ಹೊಸ ಸೀಲೆಂಟ್ ಹಾಕಿ ಕೂರಿಸಿದಳು.

ವಾರ ಕಳೆಯಿತು. ಮತ್ತೆ ಫೋನು! ಮತ್ತೆ ಸಪ್ಪೆ ನೀರು. ಈ ಸಲ ಕಂಬದ ಬುಡವನ್ನೇ ಬಿಚ್ಚಿದಳು.

ನನ್ನ ಕೈಗೆ ಏನಾಗಿದೆ? ಹದಿನಾಲ್ಕು ವರ್ಷದ ಕೆಲಸ... ಒಂದು ದೋಣಿಯೂ ವಾಪಸ್ ಬಂದಿರಲಿಲ್ಲ. ಇದೊಂದೇ ಯಾಕೆ?

ಆ ಹೊತ್ತಿಗೆ ಮಾತು ಜೆಟ್ಟಿಯ ತುಂಬ ಹರಡಿತ್ತು. ಮೂರನೆಯ ಸಲ ಫೋನು ಬಂದ ದಿನ ಚಿಕ್ಕಪ್ಪ ಅವಳನ್ನು ಶೆಡ್ಡಿನ ಮೂಲೆಗೆ ಕರೆದರು. ಅವರು ಜೋರಾಗಿ ಬಯ್ದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಆದರೆ ಅವರು ಮೆಲ್ಲಗೆ ಮಾತಾಡಿದರು.

"ಹಾಯಿದೋಣಿ ಕಲಿಸೋ ಶಾಲೆಯ ಮೇಡಂ ನಾಳೆ ಬೆಳಿಗ್ಗೆ ಬರ್ತಾರಮ್ಮ. ಎಂಟು ದೋಣಿ ರಿಪೇರಿ ಇದೆ. ಮುಖ್ಯ ಕೆಲಸಗಾರ್ತಿ ನೀನೇ ಅಂತ ಹೇಳಿದ್ದೆ. ಈಗ ಅವರು ಫೋನ್ ಮಾಡಿ, ‘ಆ ಹುಡುಗಿ ಕೆಲಸ ಮತ್ತೆ ಮತ್ತೆ ಸೋರ್ತಿದೆಯಂತೆ’ ಅಂತ ಕೇಳ್ತಾರೆ. ಏನು ಹೇಳ್ಲಿ?"

"ಚಿಕ್ಕಪ್ಪ, ಇವತ್ತು ಸಿಗುತ್ತೆ."

"ಸಿಗದಿದ್ರೆ ಬೇರೆಯವರನ್ನ ಮುಂದೆ ನಿಲ್ಲಿಸ್ಬೇಕಾಗುತ್ತೆ, ತೇಪೆ. ನನ್ನನ್ನ ತಪ್ಪು ತಿಳ್ಕೋಬೇಡ."

ಎಂಟು ದೋಣಿ, ಮೊದಲ ಬಾರಿಗೆ ತನ್ನ ಹೆಸರಲ್ಲಿ! ಆ ಕೆಲಸಕ್ಕಾಗಿ ಅವಳು ಎಷ್ಟು ವರ್ಷ ಕಾದಿದ್ದಳು ಅಂತ ಚಿಕ್ಕಮ್ಮನಿಗೆ ಮಾತ್ರ ಗೊತ್ತು.

ದೋಣಿಗೆ ಬಂದವಳೇ ಅವನ ಮುಖವನ್ನೂ ನೋಡದೆ ಬಣ್ಣ ಕಲಸಿದಳು. ಕೆಂಪು ಸುರಿದಳು, ನೀಲಿ ಸುರಿದಳು, ಹಸಿರು ಸುರಿದಳು. ಒಂದು ಗಂಟೆ ಕಾದಳು. ಒಳಗೆ ಒಂದು ಬಣ್ಣವೂ ಇಳಿಯಲಿಲ್ಲ.

ಹಲಗೆ ಎತ್ತಿದಳು. ಕೆಳಗೆ ಕತ್ತಲಲ್ಲಿ ನೀರು ನಿಂತೇ ಇತ್ತು!

ಮೇಲಿನಿಂದ ಬರದಿದ್ದರೆ ಇದು ಎಲ್ಲಿಂದ ಬಂತು? ತಳ ಬಿರಿದಿದೆಯಾ? ಅಂಜುತ್ತಲೇ ಬೆರಳದ್ದಿ ನಾಲಿಗೆಗೆ ಇಟ್ಟಳು.

ಉಪ್ಪಲ್ಲ.

ಸಪ್ಪೆಯೂ ಅಲ್ಲ!

ಇನ್ನೊಮ್ಮೆ ನೋಡಿದಳು. ಸಿಹಿ... ಚಹಾ! ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿದ ಚಹಾ!

"ಕನ್ನಡಕದವರೇ," ಎಂದಳು. "ಯಾವ ಸಮುದ್ರದಲ್ಲಿ ಸಕ್ಕರೆ ಇರುತ್ತೆ?"

ಮೆಟ್ಟಿಲ ಮೇಲೆ ನಿಂತಿದ್ದವನ ಮುಖ ಬಿಳಚಿಕೊಂಡಿತು.

"ಬಾಟ್ಲಿಯಲ್ಲಿ ನೀರು ಖಾಲಿಯಾಗಿತ್ತು," ಎಂದ ತೊದಲುತ್ತಾ. "ನೀವು ಬರ್ತಿರೋದು ಕಾಣಿಸ್ತು. ಫ್ಲಾಸ್ಕಿನಲ್ಲಿ ಚಹಾ ಮಾತ್ರ ಇತ್ತು..."

"ಅಂದ್ರೆ... ಮೊದಲ ಎರಡು ಸಲವೂ?"

ಅವನು ತಲೆ ತಗ್ಗಿಸಿದ.

"ಯಾಕೆ?!"

"ಸೋರೋದು ನಿಂತ್ರೆ ನೀವು ಬರೋದೂ ನಿಲ್ಲುತ್ತೆ... ಅದಕ್ಕೆ."

ಒಂದು ಕ್ಷಣ... ಸುಳ್ಳು ಯಾಕೆ ಹೇಳಲಿ, ಒಂದೇ ಒಂದು ಕ್ಷಣ ಅವಳ ಎದೆ ಕುಣಿದಾಡಿತು. ನನ್ನ ಕೈ ಕೆಟ್ಟಿಲ್ಲ! ಇವರು ನನ್ನನ್ನು...

ಮರುಕ್ಷಣ ಚಿಕ್ಕಪ್ಪನ ಮೆಲುದನಿ ಕಿವಿಯಲ್ಲಿ ಕೇಳಿಸಿತು.

"ಜೆಟ್ಟಿಯಲ್ಲಿ ನನ್ನ ಬಗ್ಗೆ ಏನಂತಾರೆ ಗೊತ್ತಾ ನಿಮಗೆ? ತೇಪೆ ಕೆಲಸ ಸೋರುತ್ತೆ ಅಂತಾರೆ! ಶಾಲೆಯ ಎಂಟು ದೋಣಿ ನಾಳೆ ನನ್ನ ಕೈ ತಪ್ಪಿ ಹೋಗುತ್ತೆ. ನೀವು ಸುರಿದ ಒಂದು ಬಾಟ್ಲಿ ನೀರಿಂದ!"

ಅವನು ಬೆಚ್ಚಿಬಿದ್ದ. "ನನಗೆ... ದೇವರಾಣೆ ಗೊತ್ತಿರಲಿಲ್ಲ."

"ಗೊತ್ತು ಮಾಡ್ಕೊಂಡ್ರಾ? ಮೂರು ವಾರದಿಂದ ನಿದ್ದೆ ಇಲ್ಲ ನನಗೆ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು! ಬಾಯಿಬಿಟ್ಟು ಒಂದು ಮಾತು ಹೇಳೋಕಾಗ್ಲಿಲ್ವಾ?"

"ನಾನೀಗ್ಲೇ ಚಿಕ್ಕಪ್ಪನವರ ಹತ್ರ..."

"ಏನೂ ಬೇಡ. ಯಾರು ನಂಬ್ತಾರೆ? ತನ್ನ ತಪ್ಪು ಮುಚ್ಚೋಕೆ ಗಿರಾಕಿ ಕೈಲಿ ಕಥೆ ಹೇಳಿಸಿದ್ಲು ಅಂತಾರೆ."

ಡಬ್ಬಿಯನ್ನೂ ಬಿಟ್ಟು ಹೊರಟುಬಿಟ್ಟಳು. ಜೆಟ್ಟಿಯ ಕೊನೆ ತಲುಪುವವರೆಗೂ ಅಳು ತಡೆದುಕೊಂಡಳು. ಆಮೇಲೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹಾಯಿ ಶಾಲೆಯ ಮೇಡಂ ಬಂದರು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಬಿಗಿದ ತುಟಿ. ಚಿಕ್ಕಪ್ಪ ಅವಳ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, "ಮೇಡಂ, ಈ ಸಲ ಕೆಲಸಕ್ಕೆ ನಾವು..." ಅಂತ ಶುರು ಮಾಡಿದರು.

"ಒಂದು ನಿಮಿಷ!"

ಬಾಗಿಲಲ್ಲಿ ಅವನು ನಿಂತಿದ್ದ, ಏದುಸಿರು ಬಿಡುತ್ತಾ.

ಅಯ್ಯೋ, ಇವರು ಯಾಕೆ ಬಂದರು...

"ಆ ದೋಣಿ ಸೋರಲೇ ಇಲ್ಲ," ಎಂದ ಎಲ್ಲರಿಗೂ ಕೇಳುವಂತೆ. "ಮೂರು ಸಲವೂ ನಾನೇ ಸುರಿದೆ. ಎರಡು ಸಲ ನೀರು, ಒಂದು ಸಲ ಚಹಾ."

ಮೇಡಂ ಹುಬ್ಬೇರಿಸಿದರು. "ನಿಮಗೇನು ತಲೆ ಕೆಟ್ಟಿದೆಯಾ? ಯಾಕೆ?"

ಅವನ ಕಿವಿಗಳು ಕೆಂಪಾದವು. "ಇವರು ಮತ್ತೆ ಬರ್ಲಿ ಅಂತ, ಮೇಡಂ. ಇವರನ್ನ ಕಂಡ್ರೆ ನನಗೆ ಇಷ್ಟ. ಅದನ್ನ ಹೇಳೋ ಧೈರ್ಯ ಇರ್ಲಿಲ್ಲ."

ಶೆಡ್ಡಿನಲ್ಲಿ ಅಲ್ಲಿಯವರೆಗೆ ಓಡುತ್ತಿದ್ದ ಡ್ರಿಲ್ ನಿಂತುಹೋಯಿತು. ಚಿಕ್ಕಪ್ಪನ ಬಾಯಿ ತೆರೆದದ್ದು ಹಾಗೇ ಉಳಿಯಿತು. ತೇಪೆಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು!

"ಮಾತು ನಾನು ನಂಬಲ್ಲ," ಎಂದರು ಮೇಡಂ. "ದೋಣಿ ತೋರ್ಸಿ. ಪೈಪ್ ತನ್ನಿ."

ಅವರು ಆ ಬಿಳಿ ಬಟ್ಟೆಯಲ್ಲೇ ಕ್ಯಾಬಿನ್ ಒಳಗೆ ಹೋಗಿ, ಹಲಗೆಯ ಮೇಲೆ ಕೂತು, ಬಾಗಿಲು ಹಾಕಿಕೊಂಡರು. ಚಿಕ್ಕಪ್ಪ ಡೆಕ್ಕಿಗೆ ನೀರು ಬಿಟ್ಟರು. ಬೋಲ್ಟುಗಳ ಮೇಲೆ, ಕಿಟಕಿಗಳ ಮೇಲೆ, ಕಂಬದ ಬುಡಕ್ಕೆ. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಜೆಟ್ಟಿಯಲ್ಲಿ ಜನ ಸೇರಿತು. ತೇಪೆ ಉಸಿರು ಬಿಗಿಹಿಡಿದು ನಿಂತಿದ್ದಳು.

ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಮೇಡಂ ಹೊರಬಂದು ಎರಡೂ ತೋಳು ಚಾಚಿ, ಒಂದು ಸುತ್ತು ತಿರುಗಿ ತೋರಿಸಿದರು.

ಒಂದು ಹನಿಯ ಗುರುತೂ ಇರಲಿಲ್ಲ!

"ಸೋಮವಾರದಿಂದ ಶುರು ಮಾಡಮ್ಮ," ಎಂದರು ತೇಪೆಗೆ. "ಎಂಟೂ ದೋಣಿ ನಿನ್ನ ಕೈಯಲ್ಲೇ ಆಗ್ಬೇಕು." ಅವನ ಕಡೆ ತಿರುಗಿ, "ನೀವು ಆ ಕಡೆ ಫ್ಲಾಸ್ಕ್ ಹಿಡ್ಕೊಂಡು ಬರ್ಬೇಡಿ," ಎಂದು ಹೊರಟರು.

ಜೆಟ್ಟಿಯಲ್ಲಿ ನಗು ಎದ್ದಿತು. ಜನ ಚದುರಿತು. ಚಿಕ್ಕಪ್ಪ ಅವಳ ತಲೆ ಸವರಿದರು. "ನಿನ್ನ ಕೆಲಸಾನ ನಂಬಬೇಕಿತ್ತು ನಾನು," ಎಂದು ಪೈಪ್ ಸುತ್ತಿಕೊಂಡು ನಡೆದರು. ಬೇಕೆಂದೇ ಬೇಗ ಸುತ್ತಿದರೋ ಏನೋ, ಅಂತೂ ಇಬ್ಬರನ್ನೇ ಬಿಟ್ಟು ಹೋದರು.

ಒದ್ದೆ ಡೆಕ್ಕಿನ ಮೇಲೆ ಅವಳು, ಕೆಳಗೆ ಜೆಟ್ಟಿಯ ಹಲಗೆಯ ಮೇಲೆ ಅವನು.

"ಕೋಪ ಹೋಗಿಲ್ಲ ನನಗೆ," ಎಂದಳು.

"ಹೋಗೋದು ಬೇಡ. ತಪ್ಪು ದೊಡ್ಡದೇ."

"ಅಷ್ಟು ಜನರ ಮುಂದೆ ಹೇಳ್ಬಿಟ್ರಲ್ಲ! ಅಂಗಡಿಗೆ ಬರೋರೆಲ್ಲ ಇನ್ನು ನಿಮ್ಮನ್ನ ನೋಡಿ ನಗ್ತಾರೆ."

"ನಗ್ಲಿ. ನಿಮ್ಮ ಕೆಲಸ ನೋಡಿ ಯಾರೂ ನಗಲ್ವಲ್ಲ, ಅಷ್ಟು ಸಾಕು."

ಅವಳ ಕಣ್ಣು ತುಂಬಿ ಬಂತು. ಈ ಮಾತು ಹೇಳಲೇಬಾರದು ಅಂದುಕೊಂಡಿದ್ದಳು. ಆದರೆ ಬಾಯಿ ತಾನಾಗಿ ಆಡಿಬಿಟ್ಟಿತು.

"ನನಗೆ ನಿಮ್ಮ ಮೇಲೆ ಮಾತ್ರ ಕೋಪ ಅಲ್ಲ... ಪ್ರತಿ ಸಲ ನಿಮ್ಮ ಫೋನ್ ಬಂದಾಗ, ‘ಮತ್ತೆ ಸೋರ್ತಿದೆ’ ಅಂದಾಗ, ಮೊದಲು ನನಗೆ ಖುಷಿಯೇ ಆಗ್ತಿತ್ತು. ನನ್ನ ಕೆಲಸ ಕೆಟ್ಟಿದೆ ಅಂತ ಕೇಳಿ ಖುಷಿ! ಆಮೇಲೆ ನಾಚಿಕೆ. ಎಂಥ ಕೆಲಸಗಾರ್ತಿ ನಾನು ಅಂತ..."

ಅವನು ದಿಗ್ಭ್ರಮೆಯಿಂದ ನೋಡುತ್ತ ನಿಂತುಬಿಟ್ಟ.

"ಏನಾದ್ರೂ ಹೇಳಿ ರೀ!"

"ಈಗ ಎಲ್ಲೂ ಸೋರಲ್ಲ," ಎಂದ ಕೊನೆಗೆ. "ಇನ್ನು ಏನು ಅಂತ ಹೇಳಿ ಕರೀಲಿ ನಿಮ್ಮನ್ನ?"

"ಏನೂ ಹೇಳ್ಬೇಡಿ. ಸುಮ್ನೆ ಕರೀರಿ."

ಅವನು ಕೈ ಚಾಚಿದ. "ಬನ್ನಿ..."

ಅವಳು ಕದಲಲಿಲ್ಲ. ಕಣ್ಣೊರೆಸಿಕೊಂಡು ತಲೆಯಾಡಿಸಿದಳು. "ಹಾಗಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"...ಬಾ."

"ಬಂದೆ ಕಣೋ," ಎಂದಳು.