ಸಹನ ಬರೆದ ಸಾಲು

"ತಪ್ಪು ಶಿವಶಂಕರ್ ಅವರದು!"

ಸಹನಳ ಬಾಯಿಂದ ಮಾತು ಜಾರಿಬಿಟ್ಟಿತ್ತು.

ಆರು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿ ಅಂದೇ ಮೊದಲ ಸಲ ಅವಳೆದುರು ಕೂತಿತ್ತು. ಶಿವಶಂಕರ್ ಕಿರಂಗೂರಿನ ಮನೆಯಿಂದ, ಅವಳು ಪಾಂಡವಪುರದ ಆಫೀಸಿನಿಂದ, ಹಾಲಿನ ಡೈರಿಗಳ ಯಂತ್ರಕ್ಕೆ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದರು. ನೆಟ್‌ವರ್ಕ್ ಭಾಗ ಇಬ್ಬರದೂ. ಕೋಡ್ ಮಾತು ಮುಗಿದ ಮೇಲೂ ಫೋನ್ ಇಡುವ ಮನಸ್ಸಾಗುತ್ತಿರಲಿಲ್ಲ.

ಅಂದು ಡೈರಿಯವರ ಮುಂದೆಯೇ ಯಂತ್ರ ನಿಂತುಹೋಗಿತ್ತು. ಆಫೀಸಿನ ಮುಖ್ಯಸ್ಥೆ ಸಂಘಮಿತ್ರಾ ಮೇಡಂ "ಯಾರ ಕೋಡ್ ಇದು?" ಅಂದಾಗ ಭಯಕ್ಕೆ ಅವನತ್ತ ಬೆರಳು ತೋರಿಸಿದ್ದಳು.

ಅವನು ಅವಳನ್ನೇ ನೋಡಿದ. ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಇತ್ತು...

"ಇರ್ಬೋದು. ನಾನೇ ಎಲ್ಲೋ ಎಡವಿವ್ನಿ," ಎಂದು ಎದ್ದುಹೋದ. ಸಂಜೆಗೆ ಅವನಿಂದ ಕೆಲಸ ಬಿಡುವ ಪತ್ರ ಬಂತು.

ಮರುದಿನ ಸಹನ ತನ್ನ ಕಂಪ್ಯೂಟರಿನೊಳಗೇ ಡೈರಿ ಯಂತ್ರವನ್ನು ಅನುಕರಿಸುವ ಎರಡು ವರ್ಚುವಲ್ ಮಷೀನ್ ಎಬ್ಬಿಸಿದಳು. ಒಂದರಿಂದ ಇನ್ನೊಂದಕ್ಕೆ ಡೇಟಾ ಕಳಿಸಿದಳು. ನೂರಾರು ಸಲ ಸರಿಯಾಗಿ ಹೋಯಿತು. ಆಮೇಲೆ ಎರಡನೆಯದು ಡೈರಿ ಯಂತ್ರದಂತೆಯೇ ನಿಂತಿತು!

ಕೋಡಿನ ತಪ್ಪು ಹಿಡಿಯುವ ಡಿಬಗರ್ ಹಚ್ಚಿ ಒಂದೊಂದೇ ಸಾಲಿನಲ್ಲಿ ನಿಲ್ಲಿಸುತ್ತಾ ಹುಡುಕಿದಳು. ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಒಂದು ಸಾಲು ಮತ್ತೆ ಬಿಟ್ಟುಕೊಟ್ಟು ಯಂತ್ರವನ್ನು ಕೆಡಿಸುತ್ತಿತ್ತು. ಅದನ್ನು ಬರೆದವರ ಹೆಸರು... ಸಹನ.

'ಸದ್ದಿಲ್ಲದೆ ಅಳಿಸಿದ್ರೆ ಯಾರಿಗೂ ಗೊತ್ತಾಗಲ್ಲ...'

ಹಾಗೆ ಯೋಚಿಸಿದ್ದಕ್ಕೇ ಇನ್ನಷ್ಟು ಕುಗ್ಗಿಹೋದಳು.

ಎಲ್ಲರೆದುರು ನಿಂತು, "ಮೇಡಂ, ತಪ್ಪು ನಂದು. ಅವರ ಮೇಲೆ ಹಾಕ್ಬುಟ್ಟೆ," ಎಂದಳು.

"ಹಾಗಾದ್ರೆ ನೀನೇ ಹೋಗಿ ಕರ್ಕೊಂಡು ಬಾ."

ಕಿರಂಗೂರಿನಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಅವನ ತಾಯಿ ಪುಟ್ಟಗೌರಮ್ಮ ತಿರುಗಿ ನೋಡಿದರು.

"ಯಾರವ್ವ?"

"ಸಹನ... ಊರು ಬೂಕನಕೆರೆ."

"ಓ, ಫೋನಿನ ಹುಡ್ಗಿ! ದಿನಾ ನಿನ್ ಮಾತೇಯ. ನಿನ್ನೆಯಿಂದ ಅವ್ನು ಸರ್ಯಾಗಿ ಉಂಡಿಲ್ಲ ಕಣವ್ವ."

ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಶಿವಶಂಕರ್ ಹೊರಬಂದ.

"ತಪ್ಪು ನಂದೇ... ಕ್ಷಮ್ಸಿ ಅನ್ನೋಕೂ ಮುಖ ಇಲ್ಲ," ಎಂದಳು ಸಹನ.

"ಗೊತ್ತಿದ್ದೇ ನನ್ ಹೆಸ್ರು ಹೇಳಿದ್ಯಾ?"

ಸುಳ್ಳು ಹೇಳಬಹುದಿತ್ತು.

"ಗೊತ್ತಿರ್ಲಿಲ್ಲ. ಆದ್ರೆ... ನಂದೇ ಇರ್ಬೋದು ಅಂತ ಅನುಮಾನ ಇತ್ತು."

ಅವನು ಜಗಲಿಯ ಕಂಬಕ್ಕೆ ಒರಗಿದ.

"ಬೇರೆ ಯಾರಾದ್ರೂ ಅಂದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ ಸಹನ."

"ನಿನ್ನೆ ಬೇರೇನೋ ಹೇಳೋಕೆ ಬಂದಿದ್ದೆ... ನೀವಂದ್ರೆ ನಂಗಿಷ್ಟ ಅಂತ. ಬಾಯಲ್ಲಿ ಬಂದಿದ್ದೇ ಬೇರೆ..." ಮಾತು ಮುಗಿಯುವ ಮೊದಲೇ ಅಳು ನುಗ್ಗಿತು.

"ಇನ್ನೊಂದ್ಸಲ ಹೇಳು."

"ತಪ್ಪು ನಂದು..."

"ಅದಲ್ಲ ಕಣೇ. ಇನ್ನೊಂದು."

"...ನೀವಂದ್ರೆ ಇಷ್ಟ."

"ನಂಗೂವೆ. ಆದ್ರೆ ಕೋಪ ಇನ್ನೂ ಐತೆ."

"ಇರ್ಲಿ," ಅವಳು ಕಣ್ಣೊರೆಸಿಕೊಂಡು ಜಗಲಿಯ ಮೇಲೆ ಕೂತಳು. "ಅದು ಹೋಗೋವರ್ಗೂ ಇಲ್ಲೇ ಕಾಯ್ತೀನಿ."